ಸಂದು ಮುಚ್ಚಿ, ಸದ್ದು ತಗ್ಗಿಸುವ ಬಗೆ

ಗದಗ-ಬೆಟಗೇರಿಯ ಮಗ್ಗಗಳ ಓಣಿಯಲ್ಲಾಗಲಿ, ಹುಬ್ಬಳ್ಳಿಯ ರೈಲು ಹಳಿಯ ಬದಿಯಲ್ಲಾಗಲಿ ವಾಸಿಸುವವರು ಸದ್ದು ಗಾಳಿಯ ಮೂಲಕ ಬರುತ್ತಿದೆಯೋ, ಗೋಡೆ-ನೆಲದ ಕಂಪನವಾಗಿ ಬರುತ್ತಿದೆಯೋ ಎಂಬುದನ್ನು ಮೊದಲು ಗುರುತಿಸಬೇಕು. ಎರಡಕ್ಕೂ ಮದ್ದು ಬೇರೆ.

ಗಾಳಿ ನುಸುಳುವ ಸಂದಿನಲ್ಲೆಲ್ಲ ಸದ್ದೂ ನುಸುಳುತ್ತದೆ. ಕತ್ತಲಾದ ಮೇಲೆ ಹೊರಗಿನಿಂದ ಒಬ್ಬರು ಟಾರ್ಚ್ ಹಿಡಿದರೆ, ಬೆಳಕು ಒಳಬರುವ ಕಡೆಗಳು ತಾವಾಗಿಯೇ ಕಾಣುತ್ತವೆ. ಅಲ್ಲಿ ಚೌಕಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಬಾಗಿಲು ಮುಚ್ಚಿದಾಗ ಅದುಮಿಕೊಳ್ಳುವಂತೆ ಸಂದಿಗಿಂತ ತುಸು ದಪ್ಪನಾದ ಫೋಮ್ ಟೇಪನ್ನು ಅಂಟಿಸಬೇಕು. ಎರೆಮಣ್ಣಿನ ಸೀಮೆಯ ನುಣ್ಣನೆಯ ಧೂಳು ಉಳಿದರೆ ಎಂಥ ಟೇಪೂ ನಿಲ್ಲುವುದಿಲ್ಲವಾದ್ದರಿಂದ ಒರೆಸುವ ಕೆಲಸದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಮಳೆಗಾಲದಲ್ಲಿ ಉಬ್ಬುವ ಹಳೆಯ ಕಟ್ಟಿಗೆಯ ಬಾಗಿಲಿಗೆ ತೆಳುವಾದ ಟೇಪೇ ಲೇಸು. ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಬೇಕು. ಗ್ಯಾಸ್ ಗೀಸರ್ ಅಥವಾ ಒಲೆ ಇರುವ ಕೋಣೆಯ ಗಾಳಿಕಿಂಡಿಯನ್ನು ಮಾತ್ರ ಎಂದಿಗೂ ಮುಚ್ಚಬಾರದು.

ತಗಡಿನ ಛಾವಣಿಯ ಮಳೆಸದ್ದಿಗೆ ಫೋಮ್ ಟೇಪ್ ಉಪಯೋಗವಿಲ್ಲ. ತಗಡಿನ ನಡುಭಾಗಕ್ಕೆ ಒತ್ತಿ ಅಂಟಿಸಿದ ಬ್ಯುಟೈಲ್ ಎಂಬ ಮೆತ್ತನೆಯ, ಅಂಟು ರಬ್ಬರಿನ ಪಟ್ಟಿ ಅದರ ನಡುಕವನ್ನು ಹೀರಿ ಸದ್ದನ್ನು ತಗ್ಗಿಸುತ್ತದೆ. ಗೋಡೆಗೆ ತೂಗುಹಾಕಿದ ದಪ್ಪ ಕೌದಿ ಕೋಣೆಯೊಳಗಿನ ಪ್ರತಿಧ್ವನಿಯನ್ನು ಕಡಿಮೆ ಮಾಡೀತೇ ಹೊರತು ಹೊರಗಿನ ಮಗ್ಗದ ಬಡಿತವನ್ನು ತಡೆಯದು. ಆ ಬಡಿತ ನೆಲದ ಮೂಲಕ ಹರಡುವುದರಿಂದ, ನೆರೆಯವರೊಡನೆ ಮಾತನಾಡಿ ಯಂತ್ರದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಹಾಸು ಇಡಿಸುವುದೇ ಸರಿಯಾದ ಉಪಾಯ.