ಊರುಗೋಲಿಗೆ ಮೊದಲು ಅಳತೆ, ಆಮೇಲೆ ಮರ

ಹಿರಿಯರಿಗೆ ಊರುಗೋಲು ಕೊಳ್ಳುವಾಗ ಹೆಚ್ಚಿನವರು ಹಿಡಿಯ ಕೆತ್ತನೆಯನ್ನೂ ಪಾಲಿಶ್‌ನ ಹೊಳಪನ್ನೂ ನೋಡುತ್ತಾರೆ, ನೋಡಬೇಕಾದದ್ದು ಉದ್ದ. ದಿನವೂ ಮೆಟ್ಟುವ ಚಪ್ಪಲಿಯನ್ನೇ ಮೆಟ್ಟಿಸಿ, ನೇರವಾಗಿ ನಿಲ್ಲಿಸಿ, ತೋಳುಗಳನ್ನು ಸಡಿಲವಾಗಿ ಇಳಿಬಿಡಲು ಹೇಳಿದರೆ ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಸಿಗುವ ಅಳತೆಯೇ ಕೋಲಿನ ಎತ್ತರ. ಉದ್ದವಾದರೆ ಭುಜ ಮೇಲೇಳುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ. ಆದ್ದರಿಂದ ಎರಡು ಅಂಗುಲ ಹೆಚ್ಚಿರುವುದನ್ನೇ ತಂದು, ತುದಿಗೆ ಹಾಕುವ ರಬ್ಬರಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿದು, ಮನೆಯಲ್ಲಿ ಕೊಯ್ಯುವುದು ಒಳ್ಳೆಯದು. ಬೆರಳುಗಳಲ್ಲಿ ಸಂಧಿನೋವಿರುವವರಿಗೆ ಕೊಕ್ಕೆಯಂತೆ ಬಾಗಿದ ತೆಳು ಹಿಡಿಗಿಂತ ಅಂಗೈ ತುಂಬುವ ಅಗಲವಾದ ಹಿಡಿಯೇ ಹಿತ.

ಇನ್ನು ಮರದ ಮಾತು. ಕೋಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ದೃಷ್ಟಿ ಹಾಯಿಸಿ, ನಾರು ತಲೆಯಿಂದ ಬುಡದವರೆಗೆ ಸಾಗಿದೆಯೋ, ನಡುವೆ ಓರೆಯಾಗಿ ಹೊರಬಿದ್ದಿದೆಯೋ ಎಂಬುದನ್ನು ಪರೀಕ್ಷಿಸಬೇಕು. ಓರೆ ನಾರಿನ ಕೋಲು ಭಾರ ಬಿದ್ದಾಗ ಅಲ್ಲಿಯೇ ಸೀಳುತ್ತದೆ. ಕೊಡಗು, ಚಿಕ್ಕಮಗಳೂರಿನ ಕಡೆ ಸಿಗುವ ಕಾಫಿ ಗಿಡದ ಕೋಲು ನನಗೆ ಬಹಳ ಮೆಚ್ಚು, ಅದರ ಮರ ಒತ್ತಾದದ್ದು, ಗಟ್ಟಿ. ಆದರೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಟವಿದೆ. ಅದರ ಮರಿಹುಳು ಕಾಂಡದೊಳಗೆ ಸುರಂಗ ಕೊರೆದು, ಹಿಂದೆಯೇ ಪುಡಿಯನ್ನು ಬಿಗಿಯಾಗಿ ತುಂಬುತ್ತಾ ಹೋಗುವುದರಿಂದ ಹೊರಗಿನಿಂದ ಟೊಳ್ಳು ಗೊತ್ತಾಗುವುದಿಲ್ಲ. ಹಾಗಾಗಿ ಕೊಯ್ದ ತುದಿಯನ್ನು ಬೆಳಕಿಗೆ ಹಿಡಿದು ಬಣ್ಣ ಬೇರೆಯಾದ ಚುಕ್ಕೆ, ಪುಡಿ ತುಂಬಿದ ತೂತು ಇದೆಯೇ ಎಂದು ನೋಡದೆ ಹಣ ಕೊಡಬೇಡಿ. ಬೆತ್ತ ಹಗುರ, ಆದರೆ ತೆಳ್ಳಗಿನದು ಬಳುಕುತ್ತದೆ. ಪೂರ್ತಿ ಭಾರ ಊರುವವರಿಗೆ ಅದು ಸಲ್ಲದು.

ಬೆಟ್ಟ ಹತ್ತುವವರ ಕೋಲಿನ ಲೆಕ್ಕ ಬೇರೆ. 1712 ಮೀಟರ್ ಎತ್ತರದ ಕುಮಾರಪರ್ವತದಿಂದ ಕುಕ್ಕೆಗೆ ಇಳಿಯುವಾಗ ಮೊಣಕಾಲು ಪಡುವ ಪಾಡು ಇಳಿದವರಿಗೆ ಗೊತ್ತು. ಅಲ್ಲಿಗೆ ಎದೆಯ ಮಟ್ಟದ ಕೋಲು ಬೇಕು, ಏಕೆಂದರೆ ಏರುವಾಗ ನಡುವೆ ಹಿಡಿದ ಕೈಯನ್ನು ಇಳಿಯುವಾಗ ಮೇಲಕ್ಕೆ ಸರಿಸಿಕೊಳ್ಳಬೇಕಾಗುತ್ತದೆ. ಒಳಗೆ ಟೊಳ್ಳು ಕಡಿಮೆಯಿರುವ ಗಟ್ಟಿ ಬಿದಿರು ಇದಕ್ಕೆ ಉತ್ತಮ. ಬುಡದ ತುದಿಗೆ ಹತ್ತಿರದಲ್ಲಿಯೇ ಒಂದು ಗೆಣ್ಣು ಉಳಿಯುವಂತೆ ಕೊಯ್ದರೆ ಕಲ್ಲಿಗೆ ಬಡಿದರೂ ಬೇಗ ಸೀಳುವುದಿಲ್ಲ. ಕೋಲನ್ನು ಮನೆಯಿಂದಲೇ ಒಯ್ಯಿರಿ. ಆ ಬೆಟ್ಟ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಅಲ್ಲಿ ಎಳೆ ಗಿಡ ಕಡಿದು ಕೋಲು ಮಾಡಿಕೊಳ್ಳುವುದು ಅಪರಾಧವೂ ಹೌದು, ಅನ್ಯಾಯವೂ ಹೌದು.

ವರ್ಷಕ್ಕೊಮ್ಮೆ ಮರದ ಕೋಲಿಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಒರೆಸಿ. ತೆಂಗಿನೆಣ್ಣೆ ಒಣಗದೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ. ತುದಿಯ ರಬ್ಬರಿನ ಗೀರುಗಳು ಸವೆದು ನುಣುಪಾದ ದಿನವೇ ಅದನ್ನು ಬದಲಿಸಿ, ಒದ್ದೆಯಾದ ಬಚ್ಚಲ ನೆಲದ ಮೇಲೆ ನುಣುಪು ರಬ್ಬರ್ ನಿಲ್ಲುವುದಿಲ್ಲ.