ಕಲ್ವಾಕ್ಕೆ ಮಿನ್ಯೋನೆಟ್ ಸಾಸ್

ಮಿನ್ಯೋನೆಟ್ ಅಂದರೆ ತೋಟದ ಒಂದು ಘಮಘಮ ಹೂವೂ ಹೌದು, ಕಲ್ವಾದ (ಆಯ್ಸ್ಟರ್ ಎಂಬ ಚಿಪ್ಪುಜೀವಿ) ಮೇಲೆ ಹನಿಸುವ ಫ್ರೆಂಚ್ ಸಾಸೂ ಹೌದು. ಸಾಸಿನಲ್ಲಿ ಹೂವೇನೂ ಇಲ್ಲ. ಫ್ರೆಂಚರು ಜಜ್ಜಿದ ಕಾಳುಮೆಣಸಿಗೂ ಇದೇ ಹೆಸರು ಹೇಳುತ್ತಾರೆ.

ಕಾರವಾರದ ಕಲ್ವಾ ಒಂದು ಡಜನ್‌ಗೆ: ಹೆಚ್ಚಿದ ಸಾಂಬಾರ್ ಈರುಳ್ಳಿ 2 ಚಮಚ, ವಿನೆಗರ್ ಕಾಲು ಕಪ್, ಶಿರಸಿ ಕಡೆಯ ಕಾಳುಮೆಣಸು ಅರ್ಧ ಚಮಚ, ಚಿಟಿಕೆ ಉಪ್ಪು. ಈರುಳ್ಳಿಯನ್ನು ಚಾಕುವಿನಲ್ಲೇ ಸಾಸಿವೆಕಾಳಿನಷ್ಟು ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ನೀರೊಡೆದು ಕಹಿಯಾಗುತ್ತದೆ. ಮೆಣಸನ್ನು ಕುಟ್ಟಿ, ಒಂದು ಕಾಳು ನಾಲ್ಕು ಚೂರಾದರೆ ಸಾಕು. ನುಣ್ಣನೆ ಪುಡಿ ಹಾಕಿದರೆ ಸಾಸ್ ಕೆಸರುನೀರಿನಂತೆ ಕದಡುತ್ತದೆ. ಎಲ್ಲ ಬೆರೆಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಹಸಿ ಕಲ್ವಾ ಮಾತ್ರ ಬೇಡ. ಅಳಿವೆಯ ನೀರು ಸೋಸುತ್ತ ರೋಗಾಣುಗಳನ್ನೂ ಒಳಗೆ ಸೇರಿಸಿಕೊಂಡಿರುತ್ತದೆ. ವಿನೆಗರ್ ಅವನ್ನು ಕೊಲ್ಲುವುದಿಲ್ಲ. ಜೋರು ಹಬೆಯಲ್ಲಿ 9 ನಿಮಿಷ ಬೇಯಿಸಿ, ಬಾಯಿ ಬಿಡದ ಚಿಪ್ಪು ಎಸೆಯಿರಿ. ಆರಿದ ಮೇಲೆ ಚಿಪ್ಪಿಗೆ ಅರ್ಧ ಚಮಚ ಹನಿಸಿ.