ಕಣಕ ನೆನೆಸಿ ಗೊತ್ತಿದ್ದರೆ ಬಗೆಟ್ ಬರುತ್ತದೆ

ಫ್ರಾನ್ಸ್‌ನ ಟುಲೂಸ್‌ಗೆ ಬಂದು ಮೊದಲ ಮೂರು ವರ್ಷ ಮನೆಯಲ್ಲಿ ಬ್ರೆಡ್ ಮಾಡುವ ಯೋಚನೆಯೇ ನನಗೆ ಬಂದಿರಲಿಲ್ಲ. ಯಾಕೆ ಬರಬೇಕು? ಮಿನೀಮ್ ಬಡಾವಣೆಯ ನಮ್ಮ ಮನೆಯ ಮೆಟ್ಟಿಲಿಳಿದು ರಸ್ತೆ ದಾಟಿದರೆ ಬೇಕರಿ. ಒಂದು ಯೂರೋ ಚಿಲ್ಲರೆ ಕೊಟ್ಟರೆ ಬಿಸಿ ಬಗೆಟ್, ಅಂದರೆ ಇಲ್ಲಿಯ ಉದ್ದನೆ ಬ್ರೆಡ್, ಕೈಗೆ. ವಾಪಸ್ ಮನೆ ಬಾಗಿಲು ತಲುಪುವಷ್ಟರಲ್ಲಿ ಅದರ ಒಂದು ತುದಿ ಮಾಯ. ಇಲ್ಲಿ ಎಲ್ಲರೂ ಹಾಗೇ ಮುರಿದು ತಿನ್ನುತ್ತಾ ನಡೆಯುತ್ತಾರೆ. ಆ ತುದಿಗೆ ಕಿನ್ಯೋನ್ ಅಂತ ಬೇರೆ ಹೆಸರೇ ಇದೆ.

ಆಮೇಲೊಂದು ಆಗಸ್ಟ್‌ನಲ್ಲಿ ಬೇಕರಿಯವರು ಬಾಗಿಲಿಗೆ ಚೀಟಿ ಅಂಟಿಸಿ ಮೂರು ವಾರ ರಜೆ ಹೋದರು. ಫ್ರಾನ್ಸ್‌ನ ಆಗಸ್ಟ್ ಅಂದರೆ ಅಷ್ಟೇ, ಅರ್ಧ ಊರು ಖಾಲಿ. ನಾನೇ ಮಾಡಿಕೊಳ್ಳುತ್ತೇನೆ ಅಂತ ಹೊರಟೆ. ಹೊರಗೆ 36 ಡಿಗ್ರಿ. ಚಪಾತಿ ಹಿಟ್ಟಿನ ಹದಕ್ಕೆ ಗಟ್ಟಿಯಾಗಿ ಕಲಸಿದೆ. ಕೈಗೆ ಅಂಟಿತು ಅಂತ ಮತ್ತೆರಡು ಹಿಡಿ ಹಿಟ್ಟು ಉದುರಿಸಿದೆ. ಯೀಸ್ಟ್ ಒಂದು ಪೊಟ್ಟಣ ಪೂರ್ತಿ ಸುರಿದೆ. ಎರಡು ಗಂಟೆಯಲ್ಲಿ ಎಲ್ಲ ಮುಗಿಸಿದೆ. ಬಗೆಟ್ ಅಂದರೆ ಫ್ರೆಂಚ್‌ನಲ್ಲಿ ಕೋಲು ಅಂತಲೇ ಅರ್ಥ. ನನ್ನದು ನಿಜವಾಗಲೂ ಕೋಲೇ ಆಗಿತ್ತು, ಲಟ್ಟಣಿಗೆ ಬದಲು ಬಳಸಬಹುದಿತ್ತು.

ಮೇಲಿನ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಗಂಡ ನಲವತ್ತು ವರ್ಷ ಬೇಕರ್ ಆಗಿದ್ದವರು. ನನ್ನ ಮುಂದಿನ ಪ್ರಯತ್ನದ ಹಿಟ್ಟನ್ನು ಅಜ್ಜಿ ಬೆರಳಲ್ಲಿ ಒತ್ತಿ ನೋಡಿ, 'ಪಾಪ, ಇದಕ್ಕೆ ನೀರೂ ಕುಡಿಸಿಲ್ಲ, ನಿದ್ದೆಯೂ ಮಾಡಿಸಿಲ್ಲ' ಅಂದರು. ನನಗೆ ತಕ್ಷಣ ಅರಸೀಕೆರೆಯ ಅಡುಗೆಮನೆ ನೆನಪಾಯಿತು. ಅಮ್ಮ ಹೋಳಿಗೆಗೆ ಕಣಕ ಕಲಸಿದರೆ ಮೂರು ಗಂಟೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. 'ನೆನೀಲಿ ಬಿಡೇ' ಅನ್ನುತ್ತಿದ್ದರು. ಕಲಸಿದಾಗ ಹರಿಯುತ್ತಿದ್ದ ಹಿಟ್ಟು ನೆನೆದ ಮೇಲೆ ಹಾಳೆ ಹಾಗೆ ಎಳೆಯುತ್ತದೆ, ಅಲ್ವಾ? ಬಗೆಟ್ ಹಿಟ್ಟಿಗೂ ಅದೇ ಬೇಕು. ಇದು ಗೊತ್ತಾದ ಮೇಲೆ ನನ್ನ ಬ್ರೆಡ್ ಕೆಟ್ಟದ್ದು ಕಡಿಮೆ.

ಅಳತೆ ಹೇಳಿಬಿಡುತ್ತೇನೆ. ಹಿಟ್ಟು 500 ಗ್ರಾಂ, ನೀರು 340, ಉಪ್ಪು 9, ತಾಜಾ ಯೀಸ್ಟ್ 4 ಗ್ರಾಂ. ಒಣ ಯೀಸ್ಟ್ ಆದರೆ ಒಂದೂವರೆ ಗ್ರಾಂ, ಅಂದರೆ ಅರ್ಧ ಟೀ ಚಮಚ. ಸಕ್ಕರೆ, ಹಾಲು, ಎಣ್ಣೆ, ಬೆಣ್ಣೆ ಏನೂ ಇಲ್ಲ. ಇದರಲ್ಲಿ ಮೂರು ಗಿಡ್ಡ ಬಗೆಟ್ ಆಗುತ್ತವೆ. ಬೇಕರಿಯ ಬಗೆಟ್ ಸುಮಾರು 60 ಸೆಂಟಿಮೀಟರ್ ಉದ್ದ, ಅದು ನಮ್ಮ ಮನೆ ಓವನ್‌ಗೆ ಹಿಡಿಸುವುದಿಲ್ಲ. ತಟ್ಟೆ ಎಷ್ಟಿದೆಯೋ ಅಷ್ಟೇ ಉದ್ದ. ದಯವಿಟ್ಟು ತಕ್ಕಡಿಯಲ್ಲಿ ತೂಗಿ. ಲೋಟದ ಲೆಕ್ಕದಲ್ಲಿ ಮಾಡಿದರೆ ಪ್ರತಿ ಸಲ ಬೇರೆ ಬ್ರೆಡ್ ಬರುತ್ತದೆ.

ಇಷ್ಟು ಕಡಿಮೆ ಸಾಮಾನು ನನ್ನ ಜಿಪುಣತನ ಅಲ್ಲ. 1993ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಆದೇಶ ತಂದಿತು. 'ತ್ರಾದಿಸ್ಯೋನ್' ಅಂತ ಹೆಸರಿಟ್ಟು ಮಾರುವ ಬ್ರೆಡ್‌ನಲ್ಲಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟು ಇರಬೇಕು. ಇನ್ನೆರಡು ಮೂರು ಬಗೆಯ ಹಿಟ್ಟು ಚಿಟಿಕೆಯಷ್ಟು ಸೇರಿಸಬಹುದು, ರಾಸಾಯನಿಕ ಏನೂ ಕೂಡದು. ಕಲಸಿದ ಹಿಟ್ಟನ್ನು ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಲೂ ಬಾರದು. ಬೇಕರಿಯಲ್ಲಿ ಸುಮ್ನೆ 'ಬಗೆಟ್' ಅಂದರೆ ಒಂದು, 'ತ್ರಾದಿ' ಅಂದರೆ ಇನ್ನೊಂದು. ಮೂವತ್ತು ಸೆಂಟ್ ಜಾಸ್ತಿ ಆದರೂ ಎರಡನೆಯದನ್ನೇ ಕೇಳಿ.

ಹಿಟ್ಟಿನ ಚೀಲದ ಮೇಲೆ ಇಲ್ಲಿ ಟಿ45, ಟಿ55, ಟಿ65 ಅಂತ ಬರೆದಿರುತ್ತದೆ. ಅದು ಬೂದಿಯ ಲೆಕ್ಕ. 100 ಗ್ರಾಂ ಹಿಟ್ಟನ್ನು ಸುಟ್ಟರೆ ಸುಮಾರು 0.65 ಗ್ರಾಂ ಬೂದಿ ಉಳಿದರೆ ಅದು ಟಿ65. ಸಂಖ್ಯೆ ದೊಡ್ಡದಾದಷ್ಟೂ ತೌಡು ಜಾಸ್ತಿ. ನಾನು ಟಿ65 ತರುತ್ತೇನೆ.

ಈಗ ಕೆಲಸ. ಶುಕ್ರವಾರ ಸಂಜೆ ಏಳಕ್ಕೆ ಶುರು ಮಾಡಿದರೆ ಶನಿವಾರ ಬೆಳಿಗ್ಗೆ ಬ್ರೆಡ್.

ಮೊದಲು ಹಿಟ್ಟು ಮತ್ತು 325 ಗ್ರಾಂ ನೀರು ಮಾತ್ರ. ಒಣ ಹಿಟ್ಟು ಕಾಣದ ಹಾಗೆ ಕೈಯಲ್ಲಿ ಬೆರೆಸಿ, ಮುಚ್ಚಿ, 45 ನಿಮಿಷ ಬಿಡಿ. ನಾದಬೇಡಿ. ಇದನ್ನು ಫ್ರೆಂಚರು ಒತೊಲೀಸ್ ಅನ್ನುತ್ತಾರೆ. ರೇಮೋನ್ ಕಾಲ್ವೆಲ್ ಎಂಬ ಬ್ರೆಡ್ ಮೇಷ್ಟ್ರು ಕಳೆದ ಶತಮಾನದಲ್ಲಿ ಇದನ್ನು ಬೇಕರ್‌ಗಳಿಗೆ ಹೇಳಿಕೊಟ್ಟರು. ನಮ್ಮಮ್ಮನ ಭಾಷೆಯಲ್ಲಿ ನೆನೆಹಾಕುವುದು. ಹಿಟ್ಟು ನೀರು ಕುಡಿದಾಗ ಅದರ ಅಂಟು ತಾನಾಗಿಯೇ ಎಳೆ ಕಟ್ಟುತ್ತದೆ. ನಾವು ಇಪ್ಪತ್ತು ನಿಮಿಷ ತೋಳು ನೋಯಿಸಿಕೊಂಡು ಮಾಡುವ ಕೆಲಸದ ಅರ್ಧವನ್ನು ನೀರು ಪುಕ್ಕಟೆ ಮಾಡಿಕೊಡುತ್ತದೆ. ಉಪ್ಪು ಈಗಲೇ ಹಾಕಿದರೆ ಅಂಟು ಬಿಗಿಯುತ್ತದೆ, ಯೀಸ್ಟ್ ಹಾಕಿದರೆ ಹುದುಗು ಶುರುವಾಗುತ್ತದೆ. ಅದಕ್ಕೇ ಎರಡೂ ಆಮೇಲೆ.

ನೀರು ಎಷ್ಟು ಬಿಸಿ ಇರಬೇಕು? ಇದಕ್ಕೆ ಬೇಕರ್‌ಗಳು ಒಂದು ಕೂಡುವ ಲೆಕ್ಕ ಇಟ್ಟುಕೊಂಡಿದ್ದಾರೆ. ಅಡುಗೆಮನೆಯ ಶಾಖ, ಹಿಟ್ಟಿನ ಶಾಖ, ನೀರಿನ ಶಾಖ ಮೂರೂ ಸೇರಿ ಒಂದು ಗೊತ್ತಾದ ಮೊತ್ತ ಬರಬೇಕು. ಯಂತ್ರದಲ್ಲಿ ಕಲಸಿದರೆ ಹಿಟ್ಟು ಬಿಸಿಯಾಗುವುದರಿಂದ ಮೊತ್ತ ಕಡಿಮೆ. ಕೈಯಲ್ಲಿ ಕಲಸುವ ನನಗೆ 66 ಸರಿಹೋಗುತ್ತದೆ. ಚಳಿಗಾಲದಲ್ಲಿ ಮನೆ 19, ಹಿಟ್ಟು 19, ಹಾಗಾಗಿ ನೀರು 28 ಡಿಗ್ರಿ. ಆಗಸ್ಟ್‌ನಲ್ಲಿ ಮನೆ 30, ಹಿಟ್ಟು 29, ನೀರು 7 ಡಿಗ್ರಿ. ಅಂದರೆ ಫ್ರಿಜ್ ನೀರು. ನನ್ನ ಮೊದಲ ಬ್ರೆಡ್‌ಗೆ ನಾನು ಉಗುರುಬೆಚ್ಚನೆ ನೀರು ಹಾಕಿದ್ದೆ, ಯಾಕೆಂದರೆ ಎಲ್ಲ ಕಡೆ ಹಾಗೇ ಬರೆದಿರುತ್ತಾರೆ.

ನೆನೆದ ಹಿಟ್ಟಿಗೆ ಉಳಿದ 15 ಗ್ರಾಂ ನೀರಿನಲ್ಲಿ ಯೀಸ್ಟ್ ಕದಡಿ ಸುರಿಯಿರಿ, ಉಪ್ಪು ಉದುರಿಸಿ, ಹಿಸುಕಿ ಹಿಸುಕಿ ಬೆರೆಸಿ. ಎರಡು ನಿಮಿಷ ಹಿಟ್ಟು ಚೂರುಚೂರಾಗಿ ಒಡೆದು ಎಲ್ಲ ಹಾಳಾಯಿತು ಅನ್ನಿಸುತ್ತದೆ. ಹೆದರಬೇಡಿ, ಮತ್ತೆ ಕೂಡಿಕೊಳ್ಳುತ್ತದೆ. ಅಂಟುತ್ತದೆ ಕೂಡ. ಆಗ ಕೈ ಹಿಟ್ಟಿನ ಡಬ್ಬಕ್ಕೆ ಹೋಗುವುದು ಸಹಜ. ಹೋಗಬಾರದು. ಬೇಕಾದರೆ ಕೈ ಒದ್ದೆ ಮಾಡಿಕೊಳ್ಳಿ.

ಮುಂದಿನ ಒಂದೂವರೆ ಗಂಟೆಯಲ್ಲಿ ಅರ್ಧ ಗಂಟೆಗೊಮ್ಮೆ, ಒಟ್ಟು ಮೂರು ಸಲ, ಮಡಚಬೇಕು. ಒದ್ದೆ ಕೈಯಲ್ಲಿ ಹಿಟ್ಟಿನ ಒಂದು ಅಂಚನ್ನು ಹಿಡಿದು ಮೇಲಕ್ಕೆ ಎಳೆದು ಎದುರು ಅಂಚಿನ ಮೇಲೆ ಹಾಕಿ. ಪಾತ್ರೆ ತಿರುಗಿಸಿ ನಾಲ್ಕೂ ಕಡೆ ಹೀಗೇ. ಅರ್ಧ ನಿಮಿಷದ ಕೆಲಸ. ಮೊದಲ ಸಲ ಹರಿದುಹೋಗುವ ಹಿಟ್ಟು ಮೂರನೇ ಸಲಕ್ಕೆ ನಯವಾಗಿ, ಉಬ್ಬಿ, ಸೀರೆ ಮಡಿಕೆಯ ಹಾಗೆ ಕೂರುತ್ತದೆ. ಆಮೇಲೆ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ಮಲಗಿ. 12 ಗಂಟೆ ಆದರೆ ಚೆನ್ನ, 18 ಆದರೂ ಕೆಡುವುದಿಲ್ಲ. ತಂಪಿನಲ್ಲಿ ಯೀಸ್ಟ್ ನಿಧಾನ ಆಗುತ್ತದೆ, ಅಷ್ಟರಲ್ಲಿ ರುಚಿ ಕೂಡುತ್ತದೆ. ಇಡ್ಲಿ ಹಿಟ್ಟಿನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಳಿಗ್ಗೆ ಹಿಟ್ಟು ಸುಮಾರು ಒಂದೂವರೆ ಪಟ್ಟು ಆಗಿರುತ್ತದೆ. ಕಟ್ಟೆ ಮೇಲೆ ಸ್ವಲ್ಪ ಹಿಟ್ಟು ಉದುರಿಸಿ, ಈಗ ಉದುರಿಸಬಹುದು, ಡಬ್ಬಿ ಬೋರಲು ಹಾಕಿ. ಮೂರು ಭಾಗ, ತಲಾ 284 ಗ್ರಾಂ. ಒಂದೊಂದನ್ನೂ ಸಡಿಲವಾಗಿ ಸುರುಳಿ ಸುತ್ತಿ ಅರ್ಧ ಗಂಟೆ ಬಿಡಿ. ಟುಲೂಸ್‌ನಲ್ಲಿ ಒತಾನ್ ಅಂತ ಒಂದು ಗಾಳಿ ಬೀಸುತ್ತದೆ, ಬೆಚ್ಚಗೆ, ಒಣಗಾಗಿ, ದಿನಗಟ್ಟಲೆ. ಜನರಿಗೆ ಹುಚ್ಚು ಹಿಡಿಸುವ ಗಾಳಿ ಅನ್ನುತ್ತಾರೆ. ಜನರ ವಿಷಯ ಬಿಡಿ, ಕಿಟಕಿ ತೆರೆದಿದ್ದರೆ ಹಿಟ್ಟಿನ ಮೇಲೆ ಹತ್ತೇ ನಿಮಿಷದಲ್ಲಿ ಚರ್ಮ ಕಟ್ಟುತ್ತದೆ. ಹಾಗಾಗಿ ಯಾವ ಹಂತದಲ್ಲೂ ಮುಚ್ಚದೇ ಬಿಡಬೇಡಿ.

ರೂಪ ಕೊಡುವುದು ಮಾತ್ರ ಓದಿ ಬರುವುದಲ್ಲ, ಹತ್ತು ಸಲ ಕೆಡಿಸಿ ಬರುವುದು. ತುಂಡನ್ನು ಮೆಲ್ಲಗೆ ತಟ್ಟಿ ಆಯತ ಮಾಡಿ. ಮೇಲಿನ ಅಂಚನ್ನು ಮಧ್ಯಕ್ಕೆ ಮಡಚಿ, ಕೆಳಗಿನದನ್ನೂ ಮಧ್ಯಕ್ಕೆ ಮಡಚಿ, ಮತ್ತೆ ಉದ್ದಕ್ಕೆ ಎರಡಾಗಿ ಮಡಚಿ ಅಂಗೈಯ ಬುಡದಿಂದ ಕರ್ಜಿಕಾಯಿ ಅಂಚು ಒತ್ತಿದ ಹಾಗೆ ಒತ್ತಿ ಮುಚ್ಚಿ. ಆಮೇಲೆ ಎರಡೂ ಕೈಯಲ್ಲಿ ಮಧ್ಯದಿಂದ ತುದಿಗೆ ಹೊಸೆಯಿರಿ. ಕೋಡುಬಳೆ ಹೊಸೆದ ಕೈ ಇದನ್ನು ಬೇಗ ಕಲಿಯುತ್ತದೆ. ದಪ್ಪ ಬಟ್ಟೆಗೆ ಹಿಟ್ಟು ಸವರಿ, ನಡುನಡುವೆ ನೆರಿಗೆ ಎತ್ತಿ, ಮಡಿಕೆ ಮೇಲಾಗಿ ಮಲಗಿಸಿ. 45 ನಿಮಿಷದಿಂದ ಒಂದು ಗಂಟೆ. ಬೆರಳಲ್ಲಿ ಒತ್ತಿದರೆ ಗುಳಿ ನಿಧಾನವಾಗಿ, ಅರ್ಧ ಮಾತ್ರ ಮೇಲೆ ಬರಬೇಕು. ಠಪ್ಪಂತ ಬಂದರೆ ಇನ್ನೂ ಹೊತ್ತಿದೆ. ಬರಲೇ ಇಲ್ಲ ಅಂದರೆ ತಡವಾಯಿತು, ಬೇಗ ಒಲೆಗೆ ಹಾಕಿ.

ಓವನ್ ಅಷ್ಟರೊಳಗೆ 250 ಡಿಗ್ರಿಯಲ್ಲಿ 40 ನಿಮಿಷ ಕಾದಿರಬೇಕು, ಒಳಗೆ ದಪ್ಪ ತಟ್ಟೆ ಸಮೇತ. ಕೆಳಗಿನ ಅಂತಸ್ತಿನಲ್ಲಿ ಇನ್ನೊಂದು ಹಳೇ ತಟ್ಟೆ ಖಾಲಿ ಇರಲಿ. ಫ್ಯಾನ್ ಬೇಡ, ಅದು ಹಬೆಯನ್ನೆಲ್ಲ ಹೊರಗೆ ಊದುತ್ತದೆ.

ಬಗೆಟ್‌ಗಳನ್ನು ಬೇಕಿಂಗ್ ಕಾಗದದ ಮೇಲೆ ಮಡಿಕೆ ಕೆಳಗಾಗಿ ಉರುಳಿಸಿ. ಈಗ ಬ್ಲೇಡು. ಹೊಸದಾಗಿರಬೇಕು. ಅಡ್ಡಡ್ಡ ಕೊಯ್ಯಬೇಡಿ. ಹೆಚ್ಚುಕಡಿಮೆ ಉದ್ದಕ್ಕೇ, ಸ್ವಲ್ಪ ಓರೆಯಾಗಿ, ಬ್ಲೇಡನ್ನು ಮಲಗಿಸಿ ಹಿಡಿದು ಮೂರು ಗೀರು, ಒಂದರ ಬಾಲ ಇನ್ನೊಂದರ ತಲೆಯ ಪಕ್ಕ ಬರುವ ಹಾಗೆ. ಒಂದೇ ಎಳೆತ, ಅನುಮಾನಿಸಿದರೆ ಹಿಟ್ಟು ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ. ಬೆಂದಾಗ ಆ ಗೀರು ಕಿವಿಯ ಹಾಗೆ ಎದ್ದು ನಿಂತರೆ ಅದಕ್ಕೆ ಗ್ರಿನ್ಯ್ ಅನ್ನುತ್ತಾರೆ. ಇಲ್ಲಿಯ ಬೇಕರ್‌ಗಳು ಒಬ್ಬರ ಬ್ರೆಡ್ ಇನ್ನೊಬ್ಬರು ನೋಡುವಾಗ ಮೊದಲು ಅಲ್ಲಿಗೇ ಕಣ್ಣು ಹಾಯಿಸುತ್ತಾರೆ.

ಕಾಗದದ ಸಮೇತ ಬಿಸಿ ತಟ್ಟೆಗೆ ಜಾರಿಸಿ, ಕೆಳಗಿನ ತಟ್ಟೆಗೆ ಒಂದು ಲೋಟ ಕುದಿಯುವ ನೀರು ಹಾಕಿ, ತಕ್ಷಣ ಬಾಗಿಲು ಮುಚ್ಚಿ. ಸುರಿಯುವ ಮೊದಲು ಬಾಗಿಲ ಗಾಜಿನ ಮೇಲೆ ಒಣ ಟವಲ್ ಹಾಸಿ, ಮುಚ್ಚುವಾಗ ತೆಗೆಯಿರಿ. ನಾನು ಹಾಸಿರಲಿಲ್ಲ. ನಾಲ್ಕು ಹನಿ ಗಾಜಿಗೆ ಸಿಡಿದವು, ಒಳಗಿನ ಗಾಜು ಟಣ್ ಅಂತ ಸೀಳಿತು. ಬಾಡಿಗೆ ಮನೆಯ ಓವನ್. ಆ ಬಗೆಟ್‌ಗೆ ನಾನು ಕೊಟ್ಟಷ್ಟು ಬೆಲೆ ಯಾರೂ ಕೊಟ್ಟಿರಲಿಕ್ಕಿಲ್ಲ.

ಹಬೆ ಇಲ್ಲದಿದ್ದರೆ ಮೇಲ್ಮೈ ಬೇಗ ಗಟ್ಟಿಯಾಗಿ, ಒಳಗಿನಿಂದ ಉಬ್ಬುವ ಹಿಟ್ಟು ಪಕ್ಕದಲ್ಲಿ ಒಡೆದುಕೊಂಡು ಬರುತ್ತದೆ. ಹಬೆ ಇದ್ದರೆ ಮೊದಲ ಕೆಲವು ನಿಮಿಷ ಚರ್ಮ ಮೆತ್ತಗಿದ್ದು, ಗೀರು ತೆರೆದುಕೊಳ್ಳುತ್ತದೆ, ಹೊಳಪೂ ಬರುತ್ತದೆ. ಹತ್ತು ನಿಮಿಷದ ನಂತರ ನೀರಿನ ತಟ್ಟೆ ತೆಗೆದು, ಶಾಖ 230ಕ್ಕೆ ಇಳಿಸಿ, ಇನ್ನು 12ರಿಂದ 15 ನಿಮಿಷ. ಹೊಂಬಣ್ಣ ಬಂತು ಅಂತ ತೆಗೆಯಬೇಡಿ. ಕೆಂಪು ಕಂದು ಆಗಲಿ. ಬೇಕರಿಯಲ್ಲಿ 'ಬಿಯಾಂ ಕ್ವಿತ್' ಅಂತ ಕೇಳಿದರೆ ಚೆನ್ನಾಗಿ ಬೆಂದದ್ದು ಕೊಡುತ್ತಾರೆ. ಬಿಳಿಚಿಕೊಂಡ ಬಗೆಟ್ ಇಷ್ಟಪಡುವವರೂ ಬೇಕಾದಷ್ಟು ಇದ್ದಾರೆ, ಅವರ ಜೊತೆ ನನಗೆ ಮಾತಿಲ್ಲ.

ಬೆಂದಿದೆಯೋ ನೋಡಲು ತಳ ತಟ್ಟಬೇಕು, ನಾವು ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಟೊಳ್ಳು ಸದ್ದು ಬರಬೇಕು. ಒಮ್ಮೆ ಹೀಗೆ ತಟ್ಟಿ ಬ್ರೆಡ್ಡನ್ನು ಬೋರಲಾಗಿಯೇ ಮೇಜಿನ ಮೇಲೆ ಬಿಟ್ಟಿದ್ದೆ. ಒಳಗೆ ಬಂದ ಮೇಲಿನ ಮನೆ ಅಜ್ಜಿ ಮಾತೂ ಆಡದೆ ಮೊದಲು ಅದನ್ನು ನೆಟ್ಟಗೆ ತಿರುಗಿಸಿದರು. ಹಿಂದಿನ ಕಾಲದಲ್ಲಿ ನೇಣು ಹಾಕುವವನ ಪಾಲಿನ ಬ್ರೆಡ್ಡನ್ನು ಬೇಕರ್‌ಗಳು ಬೋರಲಾಗಿ ಎತ್ತಿಡುತ್ತಿದ್ದರಂತೆ. ಹಾಗಾಗಿ ಬೋರಲು ಬ್ರೆಡ್ ಮನೆಗೆ ಕೇಡು. ಈಗ ನಾನೂ ತಿರುಗಿಸುತ್ತೇನೆ.

ಜಾಲರಿ ಮೇಲಿಟ್ಟು ಕಿವಿಗೊಡಿ. ತಣ್ಣಗಾಗುವಾಗ ಸಿಪ್ಪೆ ಚಟಚಟ ಅನ್ನುತ್ತದೆ. ಅರ್ಧ ಗಂಟೆ ಕಾದು ಕುಯ್ಯಿರಿ, ಬಿಸಿಯಲ್ಲಿ ಕುಯ್ದರೆ ಒಳಗೆ ಮುದ್ದೆ.

ರಜೆಗೆ ಅರಸೀಕೆರೆಗೆ ಹೋದಾಗ ಅಮ್ಮನ ಒಟಿಜಿಯಲ್ಲೂ (ಮೇಜಿನ ಮೇಲಿಡುವ ಚಿಕ್ಕ ಕರೆಂಟ್ ಓವನ್) ಮಾಡಿದ್ದೇನೆ. ಮೈದಾ 450, ಗೋಧಿ ಹಿಟ್ಟು 50. ನಮ್ಮ ಮೈದಾ ಫ್ರಾನ್ಸ್‌ನ ಹಿಟ್ಟಿನಷ್ಟು ನೀರು ಹಿಡಿಯುವುದಿಲ್ಲ, 310 ಗ್ರಾಂನಿಂದ ಶುರು ಮಾಡಿ ನೋಡಿ. ಏಪ್ರಿಲ್ ತಿಂಗಳು, ಅಡುಗೆಮನೆ 33, ಹಿಟ್ಟು 33. 66ರಲ್ಲಿ ಕಳೆದರೆ ನೀರು ಸೊನ್ನೆ ಡಿಗ್ರಿ! ಐಸ್ ನೀರೇ ಹಾಕಿದೆ, ಸರಿಹೋಯಿತು. ಮಡಚುವ ಬಿಡುವನ್ನೂ ಅರ್ಧ ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಒಟಿಜಿಯ ತಳದಲ್ಲಿ ಕಡ್ಡಿ ಕಾಯುವುದರಿಂದ ಅಲ್ಲಿ ನೀರು ಸುರಿಯಬೇಡಿ. ಗಿಡ್ಡಗೆ, ದಪ್ಪಗೆ ಮಾಡಿ, ಮೇಲೊಂದು ಸ್ಟೀಲ್ ತಪಲೆ ಕವುಚಿ. ಹಿಟ್ಟಿನ ತೇವವೇ ಹಬೆಯಾಗುತ್ತದೆ. 12 ನಿಮಿಷಕ್ಕೆ ತಪಲೆ ತೆಗೆದರೆ ಮೇಲೆ ಬಣ್ಣ ಬರುತ್ತದೆ.

ಬಗೆಟ್‌ನ ಆಯಸ್ಸು ಒಂದೇ ದಿನ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ ಒರಟಾಗುತ್ತದೆ. ಮಾರನೇ ದಿನಕ್ಕೆ ನೀರು ಚಿಮುಕಿಸಿ 200 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಗರಿ. ಮೂರನೇ ದಿನದ್ದನ್ನು ಇಲ್ಲಿಯವರು ಹಾಲು ಮೊಟ್ಟೆಯಲ್ಲಿ ಅದ್ದಿ ಪ್ಯಾಂ ಪೆರ್ದ್ಯು ಮಾಡುತ್ತಾರೆ. ನಾನು ಪುಡಿ ಮಾಡಿ, ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ ಉಪ್ಪಿಟ್ಟು ಮಾಡುತ್ತೇನೆ. ಉಪ್ಪು ಕಡಿಮೆ ಹಾಕಿ, ಬ್ರೆಡ್‌ನಲ್ಲೇ ಇರುತ್ತದೆ.